ಹಳೆಯ ಲೆನ್ಸಿನ ಬೆಲೆ

ಆಕಾಶದ ಚಂದ್ರ ಬೇಕೆಂದು ಹಟ ಹಿಡಿದ ಬಾಲರಾಮನಿಗೆ ಕನ್ನಡಿಯಲ್ಲಿ ಅವನನ್ನು ತೋರಿಸಿ ಸಮಾಧಾನಪಡಿಸಿದರೆಂಬ ಕಥೆಯನ್ನು ನಾವೆಲ್ಲರೂ ಎಳವೆಯಲ್ಲಿ ಕೇಳಿದವರೇ. ದೂರದಲ್ಲಿರುವುದನ್ನು ಹತ್ತಿರಕ್ಕೆ ಎಳೆದುಕೊಳ್ಳುವ ಆಸೆ ತಲೆ ನರೆತರೂ ಮನುಷ್ಯನನ್ನು ಬಿಡುವುದಿಲ್ಲ. ಅಧ್ಯಾಪನದಿಂದ ನಿವೃತ್ತನಾದ ನನ್ನ ಪಾಲಿಗೆ ಆ ಕನ್ನಡಿಯ ಕೆಲಸವನ್ನು ಈಗ ಮಾಡುತ್ತಿರುವುದು ಒಂದು ಹಳೆಯ ಟೆಲಿಫೋಟೋ ಝೂಮ್ ಲೆನ್ಸು. ಅದು ತಾನಾಗಿ ಏನನ್ನೂ ಮಾಡದು. ದೃಶ್ಯವನ್ನು ಸ್ಫುಟಗೊಳಿಸಲು ಅದರ ಬಳೆಯನ್ನು ನಾನೇ ತಿರುಗಿಸಬೇಕು. ದೂರವನ್ನು ಹತ್ತಿರ ಮಾಡಲು ಅದೇ ಬಳೆಯನ್ನು ಹಿಂದೆ ಮುಂದೆ ಸರಿಸಬೇಕು. "ಹೊಸತು ಸಿಗುವಾಗ ಈ ಮುದಿ ಲೆನ್ಸು ಎಂತಕ್ಕೆ ಮಾರಾಯ್ರೆ?" ಎಂದು ಸ್ನೇಹಿತರು ನಗುತ್ತಾರೆ. ಹೊಸತಕ್ಕೆ ತೆರಬೇಕಾದ ಹಣ ನನ್ನ ಪಿಂಚಣಿಗೆ ನಿಲುಕುವುದಿಲ್ಲವೆಂಬುದು ಅವರಿಗೆ ನಾನು ಕೊಡುವ ಉತ್ತರ. ಅದು ಸುಳ್ಳಲ್ಲ. ಆದರೆ ಆ ಲೆನ್ಸನ್ನು ನಾನು ಕೊಂಡ ಬಗೆಯನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಮೊದಲು ವಸ್ತುವಿನ ಪರಿಚಯವನ್ನು ಮಾಡಿಕೊಡುವುದು ಲೇಸು. ಮೂವತ್ತೈದು ಮಿಲಿಮೀಟರ್ ಫಿಲ್ಮಿನ ಕೆಮರಾಕ್ಕೆ 50 ಮಿ.ಮೀ. ಸಂಗಮದೂರದ ಲೆನ್ಸು ಸಾಮಾನ್ಯವಾದುದು. 200 ಮಿ.ಮೀ. ಲೆನ್ಸು ಅದಕ್ಕಿಂತ ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಆದರೆ ಒಂದೇ ಅಳತೆಯ ಲೆನ್ಸನ್ನು ಹಿಡಿದವನು ಚಿತ್ರದ ಚೌಕಟ್ಟನ್ನು ಹಿಗ್ಗಿಸಲು ಕುಗ್ಗಿಸಲು ತಾನೇ ಹಿಂದೆ ಮುಂದೆ ನಡೆಯಬೇಕು. ಕೊಳಳೆಯೊಳಗಿನ ಗಾಜಿನ ಗುಂಪುಗಳನ್ನು ಸರಿಸಿ ಸಂಗಮದೂರವನ್ನೇ ಬದಲಿಸುವ ಯುಕ್ತಿಗೆ ಝೂಮ್ ಎಂದು ಹೆಸರು. 1959ರಲ್ಲಿ ಜರ್ಮನಿಯ ಫೋಯ್ಕ್ಟ್‌ಲೆಂಡರ್ ಸಂಸ್ಥೆಯ 'ಝೂಮಾರ್' ಸ್ಥಿರಚಿತ್ರದ ಕೆಮರಾಕ್ಕೆ ಈ ಅನುಕೂಲವನ್ನು ತಂದಿತು. ಅದೇ ವರ್ಷ ಜಪಾನಿನ ನಿಕಾನ್ ಸಂಸ್ಥೆ 85ರಿಂದ 250 ಮಿ.ಮೀ.ವರೆಗೆ ಚಾಚುವ ಲೆನ್ಸನ್ನು ಪ್ರಕಟಿಸಿತು. 1970ರ ಹೊತ್ತಿಗೆ ಬಂದ 80-200 ಮಿ.ಮೀ., ಎಫ್ 4.5 ನಿಕ್ಕಾರ್, ಝೂಮ್ ಲೆನ್ಸಿನ ಚಿತ್ರವು ಮಬ್ಬು ಎಂಬ ಅಪವಾದವನ್ನು ಬಹುಮಟ್ಟಿಗೆ ನೀಗಿಸಿತು. ಅದನ್ನು 1977ರಲ್ಲಿ ಪರಿಷ್ಕರಿಸಿ, ಒಂಬತ್ತು ಗುಂಪುಗಳಲ್ಲಿ ಹನ್ನೆರಡು ಗಾಜುಗಳನ್ನಿರಿಸಿ, ಮತ್ತೆ ಹೊರತಂದರು. ನನ್ನಲ್ಲಿರುವುದು ಅದೇ. ತೂಕ ಸುಮಾರು ಮುಕ್ಕಾಲು ಕಿಲೋ.

ಆ ಕಾಲದಲ್ಲಿ ಇಂಥ ವಸ್ತುಗಳು ನಮ್ಮ ಕರಾವಳಿಗೆ ಬಂದುದೇ ಒಂದು ಕಥೆ. ಆಮದು ಸುಂಕ ವಿಪರೀತವಾಗಿದ್ದ ದಿನಗಳವು. ಬೊಂಬಾಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಅಣ್ಣನೋ, ಗಲ್ಫಿನಿಂದ ರಜೆಗೆ ಬರುವ ಭಾವನೋ ಪೆಟ್ಟಿಗೆಯ ಬಟ್ಟೆಗಳ ನಡುವೆ ಇರಿಸಿ ತರಬೇಕು. ಇಲ್ಲವೆ ಬೊಂಬಾಯಿಯ ಕೋಟೆ ಪ್ರದೇಶದ ಬೋರಾ ಬಜಾರಿನಲ್ಲಿ ಹುಡುಕಬೇಕು. ಆದುದರಿಂದ ಊರಿನ ಸ್ಟುಡಿಯೋದವನಿಗೆ ಇಂಥದೊಂದು ಲೆನ್ಸೆಂದರೆ ಮನೆಯ ಒಂದು ಒಡವೆಯಿದ್ದಂತೆ.

1985ರಲ್ಲಿ ಮಿನೋಲ್ಟಾ ಸಂಸ್ಥೆಯು ತಾನಾಗಿ ಫೋಕಸ್ ಮಾಡುವ ಕೆಮರಾವನ್ನು ಹೊರತಂದಿತು. 1987ರಲ್ಲಿ ಕ್ಯಾನನ್ ಸಂಸ್ಥೆ ಲೆನ್ಸು ಸಿಕ್ಕಿಸುವ ತನ್ನ ಹಳೆಯ ಬಾಯನ್ನೇ ಬದಲಿಸಿತು. ಅದರಿಂದ ಆ ಸಂಸ್ಥೆಯ ಎಫ್‌ಡಿ ಲೆನ್ಸುಗಳೆಲ್ಲ ಒಮ್ಮೆಗೇ ಅನಾಥವಾದವು. ಕಾರಣ ಬರಿಯ ಎರಡು ಮಿಲಿಮೀಟರು! ಹಳೆಯ ಕೆಮರಾದಲ್ಲಿ ಲೆನ್ಸಿನ ಬಾಯಿಗೂ ಫಿಲ್ಮಿಗೂ ನಡುವಿನ ಅಂತರ 42 ಮಿ.ಮೀ.; ಹೊಸದರಲ್ಲಿ ಅದು 44. ಹಳೆಯ ಲೆನ್ಸನ್ನು ಹೇಗಾದರೂ ಜೋಡಿಸಿದರೂ ದೂರದ ದೃಶ್ಯ ಸ್ಫುಟವಾಗದು. ದೂರವನ್ನು ಕಾಣಲೆಂದೇ ಹುಟ್ಟಿದ ಲೆನ್ಸಿಗೆ ದೂರವೇ ಕಾಣದಂತಾದರೆ ಅದಕ್ಕಿಂತ ದೊಡ್ಡ ಶಿಕ್ಷೆ ಯಾವುದು?

ಈ ಶಾಪಕ್ಕೆ ವಿಮೋಚನೆ ಸಿಕ್ಕಿದುದು 2008ರಲ್ಲಿ. ಒಳಗೆ ಕನ್ನಡಿಯಿಲ್ಲದ ಡಿಜಿಟಲ್ ಕೆಮರಾಗಳು ಆ ವರ್ಷ ಮಾರುಕಟ್ಟೆಗೆ ಬರತೊಡಗಿದವು. ಕನ್ನಡಿ ಹೋದುದರಿಂದ ಕೆಮರಾದ ಒಡಲು ತೆಳ್ಳಗಾಯಿತು. ಅಂತರ ಹದಿನಾರರಿಂದ ಇಪ್ಪತ್ತು ಮಿಲಿಮೀಟರಿನ ಆಸುಪಾಸಿಗೆ ಇಳಿಯಿತು. ಹಳೆಯ ನಿಕಾನ್ ಲೆನ್ಸು ಬಯಸುವ ಅಂತರ 46.5 ಮಿ.ಮೀ. ಉಳಿದ ಎಡೆಯನ್ನು ಒಂದು ಟೊಳ್ಳು ಲೋಹದ ಬಳೆ ತುಂಬುತ್ತದೆ. ಅದರೊಳಗೆ ಗಾಜು ಬೇಡ, ಯಂತ್ರವೂ ಬೇಡ. ಕ್ಯಾನನ್ನಿನ ಆ ಅನಾಥ ಲೆನ್ಸುಗಳಿಗೂ ಹೀಗೆಯೇ ಮರುಜನ್ಮ ಬಂದಿತು. ಸ್ಫುಟವಾದ ಅಂಚುಗಳನ್ನು ಬಣ್ಣದ ಗೆರೆಯಲ್ಲಿ ತೋರಿಸಿಕೊಡುವ ಸೌಕರ್ಯವೂ ಈ ಕೆಮರಾಗಳಲ್ಲಿ ಉಂಟು. ನನ್ನಂಥವನ ಮಂದಗಣ್ಣಿಗೆ ಅದೊಂದು ಊರುಗೋಲು.

ಇನ್ನು ನನ್ನ ಕಥೆ. ಉಡುಪಿಯ ರಥಬೀದಿಗೆ ತುಸು ದೂರದ ಓಣಿಯೊಂದರಲ್ಲಿ ಒಂದು ಸ್ಟುಡಿಯೋ ಇದ್ದಿತು. ಅದರ ಯಜಮಾನರು ತೀರಿಕೊಂಡು ಎರಡು ವರ್ಷಗಳಾಗಿದ್ದವು. ಮಗ ಗಲ್ಫಿನಲ್ಲಿ. ಕಟ್ಟಡವನ್ನು ಬಿಟ್ಟುಕೊಡಬೇಕಾಗಿ ಬಂದುದರಿಂದ ಅವರ ಹೆಂಡತಿ ಸಾಮಾನುಗಳನ್ನು ಮಾರುತ್ತಿರುವರೆಂದು ತಿಳಿದು, ಒಂದು ಸಂಜೆ ನಾನು ಕಿಸೆಯಲ್ಲಿ ಪುಟ್ಟ ಟಾರ್ಚನ್ನು ಇರಿಸಿಕೊಂಡು ಹೋದೆನು. ಗೋಡೆಯ ಮೇಲೆ ಪರ್ಯಾಯದ ಚಿತ್ರಗಳು ತೂಗಾಡುತ್ತಿದ್ದವು. ಪರ್ಯಾಯ ಪೀಠವನ್ನೇರುವ ಸ್ವಾಮಿಗಳು ಕಾಪು ಬಳಿಯ ದಂಡತೀರ್ಥದಲ್ಲಿ ಮಿಂದು, ಜೋಡುಕಟ್ಟೆಗೆ ಬಂದು, ಅಲ್ಲಿಂದ ಮೆರವಣಿಗೆಯಲ್ಲಿ ರಥಬೀದಿಗೆ ಬರುವುದು ವಾಡಿಕೆಯಷ್ಟೆ? ಎರಡು ವರ್ಷಗಳಿಗೊಮ್ಮೆ ಬರುವ ಆ ಜನವರಿಯ ನಸುಕುಗಳನ್ನು ಆತನು ಹಲವು ಸಲ ಹಿಡಿದಿಟ್ಟಿದ್ದರು. ಜನಸಾಗರದ ಮೇಲಿನಿಂದ, ಯಾವುದೋ ಮಹಡಿಯ ಕಿಟಕಿಯಿಂದ ತೆಗೆದ ಆ ಮುಖಗಳು ಅಷ್ಟು ಹತ್ತಿರ ಬರಬೇಕಾದರೆ ಟೆಲಿಫೋಟೋ ಲೆನ್ಸೇ ಬೇಕು.

ಆಕೆ ಕಪಾಟಿನಿಂದ ಲೆನ್ಸನ್ನು ತಂದು ಮೇಜಿನ ಮೇಲಿರಿಸಿ, "ಎರಡೂವರೆ ಸಾವಿರ ಕೊಡಿ ಮಾಷ್ಟ್ರೆ. ನನಗೆ ಇದರ ಅಂದಾಜಿಲ್ಲ," ಎಂದರು.

ನನಗಿತ್ತು. ಇಂಥದೇ ಲೆನ್ಸು ಬೆಂಗಳೂರಿನಲ್ಲಿ ನಾಲ್ಕೂವರೆ ಸಾವಿರಕ್ಕೆ ಮಾರಾಟವಾದುದನ್ನು ನಾನು ಬಲ್ಲೆನು. ಆದರೆ ಅದನ್ನು ಹೇಳಲಿಲ್ಲ. ಪರೀಕ್ಷೆಗೆ ತೊಡಗಿದೆನು.

ಹಳೆಯ ಲೆನ್ಸನ್ನು ಪರೀಕ್ಷಿಸುವ ಕ್ರಮವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಕೊಳ್ಳುವವರಿಗೆ ಉಪಯೋಗವಾದೀತು. ಎರಡೂ ಕಡೆಯ ಮುಚ್ಚಳಗಳನ್ನು ತೆಗೆದು, ದ್ವಾರವನ್ನು ಪೂರ್ಣ ತೆರೆದು, ಹಿಂದಿನಿಂದ ಓರೆಯಾಗಿ ಟಾರ್ಚಿನ ಬೆಳಕನ್ನು ಹಾಯಿಸಬೇಕು. ಜೇಡನ ಎಳೆಯಂತೆ ಕವಲೊಡೆದುದು ಕಂಡರೆ ಅದು ಬೂಷ್ಟು. ಹಾಲಿನ ತೆಳುಪರೆಯಂತೆ ಕಂಡರೆ ಒಳಗೆ ಮಂಜು ಕಟ್ಟಿದೆಯೆಂದು ತಿಳಿಯಬೇಕು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ತೇಪೆಯಿದ್ದರೆ ಅಂಟಿಸಿದ ಎರಡು ಗಾಜುಗಳು ಬಿಡತೊಡಗಿವೆ, ಅದಕ್ಕೆ ಮದ್ದಿಲ್ಲ. ನಾಲ್ಕು ಧೂಳಿನ ಕಣಗಳಿಗೆ ಹೆದರಬೇಕಾಗಿಲ್ಲ. ಬಳಿಕ ದ್ವಾರದ ಅಲಗುಗಳು ಸರಕ್ಕನೆ ಮುಚ್ಚಿ ತೆರೆಯುತ್ತವೆಯೋ, ಎಣ್ಣೆ ಹತ್ತಿ ತಡವರಿಸುತ್ತವೆಯೋ ನೋಡಬೇಕು. ಕೊಳಳೆಯನ್ನು ನೆಲದತ್ತ ಬಾಗಿಸಿದಾಗ ಬಳೆ ತಾನಾಗಿ ಜಾರಿದರೆ ಒಳಗಿನ ಹಿಡಿತ ಸವೆದಿದೆಯೆಂದರ್ಥ. ಫಿಲ್ಟರ್ ಸಿಕ್ಕಿಸುವ ಅಂಚು ಜಜ್ಜಿದ್ದರೆ ಲೆನ್ಸು ಒಮ್ಮೆ ಬಿದ್ದಿರಬೇಕು. ವಿವಿಟಾರ್ ಹೆಸರಿನ ಹಳೆಯ ಲೆನ್ಸಾದರೆ ಕ್ರಮಸಂಖ್ಯೆಯ ಮೊದಲೆರಡು ಅಂಕೆಗಳನ್ನು ಓದಬೇಕು: 22 ಆದರೆ ಕಿನೋ, 28 ಆದರೆ ಕೊಮಿನೆ, 37 ಆದರೆ ಟೋಕಿನಾ, ಹೀಗೆ ನಿಜವಾದ ತಯಾರಕರ ಗುರುತು ಅಲ್ಲಿದೆ. 1977ಕ್ಕಿಂತ ಹಿಂದಿನ ನಿಕ್ಕಾರ್ ಲೆನ್ಸನ್ನು ಬದಲಾಯಿಸದೆ ಆಮೇಲಿನ ಕೆಲವು ನಿಕಾನ್ ಕೆಮರಾಗಳಿಗೆ ಒತ್ತಿ ಸಿಕ್ಕಿಸಿದರೆ ಕೆಮರಾದ ಒಂದು ಕೊಂಡಿ ಮುರಿಯಬಹುದೆಂಬ ಎಚ್ಚರವೂ ಇರಬೇಕು.

ಇವೆಲ್ಲವನ್ನೂ ನಾನು ಮಾಡಿದೆನು. ಅಷ್ಟೇ ಆಗಿದ್ದರೆ ಸರಿ. ಕಂಡ ದೋಷಗಳನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳತೊಡಗಿದೆನು. "ಅಂಚಿನಲ್ಲಿ ಬೂಷ್ಟು ಹಿಡಿದಿದೆ ಅಕ್ಕ. ಬಳೆ ಜಾರುತ್ತದೆ. ಬಣ್ಣ ಹೋಗಿದೆ. ಒಳಗೆ ಧೂಳುಂಟು." ಅಲಗುಗಳು ಎಣ್ಣೆಯಿಲ್ಲದೆ ಹೊಳೆಯುತ್ತಿದ್ದುದನ್ನು ಹೇಳಲಿಲ್ಲ. ನಡುಗಾಜು ತಿಳಿನೀರಿನಂತಿದ್ದುದನ್ನೂ ಹೇಳಲಿಲ್ಲ. ಫೋಕಸ್ ಬಳೆ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿದುದನ್ನಂತೂ ಬೆರಳಿಗೆ ಮಾತ್ರ ತಿಳಿಯಗೊಟ್ಟೆನು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟೆಲ್ಲ ಹಾಳಾಗಿದೆಯಾ ಮಾಷ್ಟ್ರೆ? ಇವರು ಮಳೆಗಾಲದಲ್ಲಿ ದಿನಾ ಅದನ್ನು ಒರಸಿ ಇಡ್ತಿದ್ದರಲ್ಲ," ಎಂದರು.

ನಾನು ಒಂದೂವರೆ ಸಾವಿರವನ್ನು ಎಣಿಸಿ ಕೊಟ್ಟು ಲೆನ್ಸನ್ನು ಚೀಲಕ್ಕೆ ಹಾಕಿಕೊಂಡು ಹೊರಟೆನು. ವ್ಯಾಪಾರದಲ್ಲಿ ಇದೆಲ್ಲ ಸಹಜವೆಂದು ದಾರಿಯುದ್ದಕ್ಕೂ ಮನಸ್ಸಿಗೆ ಹೇಳಿಕೊಂಡೆನು. ಎದುರಿಗೆ ನುರಿತ ವ್ಯಾಪಾರಿ ಇದ್ದಿದ್ದರೆ ಆ ಮಾತು ಒಪ್ಪುತ್ತಿತ್ತು.

ಲೆನ್ಸಿನ ನಿಜವಾದ ಪರೀಕ್ಷೆ ನಡೆಯುವುದು ದೂರದ ವಸ್ತುವಿನ ಮೇಲೆ. ಅದಕ್ಕಾಗಿ ಮರುದಿನ ಕಾಪುವಿಗೆ ಹೋದೆನು. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ಅಲ್ಲಿನ ದೀಪಸ್ತಂಭ ಇಂಥ ಪರೀಕ್ಷೆಗೆ ಹೇಳಿಮಾಡಿಸಿದಂತಿದೆ. ಸಮುದ್ರದ ಉಪ್ಪುಹನಿ ಗಾಜಿಗೆ ತಾಗದಂತೆ ದೂರದಲ್ಲಿ ನಿಂತು, ಬಳೆಯನ್ನು 200ಕ್ಕೆ ಸರಿಸಿ, ತುದಿಯ ಕಂಬಿಗಳು ಸ್ಫುಟವಾಗುವವರೆಗೆ ತಿರುಗಿಸಿದೆನು. ಅನಂತದ ಗುರುತಿಗೆ ಸರಿಯಾಗಿ ಕಂಬಿಗಳು ಗೆರೆ ಕೊರೆದಂತೆ ನಿಂತವು. ಬಳಿಕ ಬಳೆಯನ್ನು 80ಕ್ಕೆ ಎಳೆದೆನು. ಸ್ತಂಭ ಚಿಕ್ಕದಾಯಿತು, ಬಂಡೆ ಬಂದಿತು, ಕಡಲು ಬಂದಿತು. ಸ್ಫುಟತೆ ಮಾತ್ರ ಕದಲಲಿಲ್ಲ. ಈ ಜಾತಿಯ ಹಳೆಯ ಲೆನ್ಸುಗಳ ದೊಡ್ಡ ಗುಣವಿದು. ದೂರದ ತುದಿಯಲ್ಲಿ ಫೋಕಸ್ ಮಾಡಿ, ಆಮೇಲೆ ಚೌಕಟ್ಟನ್ನು ಆರಿಸಿಕೊಳ್ಳಬಹುದು. ಅಳತೆ ಬದಲಿಸಿದಾಗಲೆಲ್ಲ ಮರಳಿ ಫೋಕಸ್ ಮಾಡಬೇಕಾದ ಲೆನ್ಸುಗಳೂ ಉಂಟು. ಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳಬೇಕು.

ನಾನು ಅಷ್ಟು ದೊಡ್ಡದು ಮಾಡಿ ಹೇಳಿದ್ದ ಬೂಷ್ಟಿನ ಎಳೆ ಚಿತ್ರದಲ್ಲಿ ಎಲ್ಲಿಯೂ ಕಾಣಲಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರನ್ನು ಮೀರಿ ಮಳೆ ಸುರಿಯುವ ನಾಡು ನಮ್ಮದು. ಆಷಾಢದಲ್ಲಿ ಚಪ್ಪಲಿಯೂ ಪುಸ್ತಕವೂ ಬೂಷ್ಟು ಹಿಡಿಯುತ್ತವೆ. ಗಾಳಿಯ ತೇವ ಶೇಕಡಾ 60-70ನ್ನು ಮೀರಿ ಬಹುಕಾಲ ನಿಂತರೆ, ಕತ್ತಲೆಯ ಚರ್ಮದ ಚೀಲದೊಳಗಿನ ಗಾಜಿನ ಮೇಲೂ ಅದು ಬೇರೂರುತ್ತದೆ. ಅದರ ಆಮ್ಲ ಗಾಜಿನ ಲೇಪವನ್ನು ತಿಂದಮೇಲೆ ಒರಸಿದರೂ ಗಾಯ ಉಳಿಯುತ್ತದೆ. ಲೆನ್ಸನ್ನು ಚೀಲದಲ್ಲಿ ಮುಚ್ಚಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳೊಡನೆ ಇರಿಸಿ, ಆಗಾಗ ಹೊರತೆಗೆದು ಬಳಸಬೇಕು. ಹಿಂದಿನವರು ತಾಳೆಗರಿಯ ಗ್ರಂಥಗಳನ್ನು ಅಡುಗೆಮನೆಯ ಹೊಗೆ ತಾಗುವ ಅಟ್ಟದಲ್ಲಿ ಇರಿಸುತ್ತಿದ್ದರು. ಗರಿಗೆ ಎಣ್ಣೆ ಸವರುತ್ತಿದ್ದರು. ತೇವದೊಡನೆ ನಮ್ಮವರ ಜಗಳ ಇಂದುನಿನ್ನೆಯದಲ್ಲ. ನಲವತ್ತಕ್ಕೂ ಮಿಕ್ಕಿದ ಮಳೆಗಾಲಗಳನ್ನು ಕಂಡ ಲೆನ್ಸಿನಲ್ಲಿ ಒಂದೇ ಎಳೆ ಬೂಷ್ಟು ಇದ್ದಿತೆಂದರೆ, ಯಾರೋ ಆ ಜಗಳದಲ್ಲಿ ಪ್ರತಿವರ್ಷ ಗೆದ್ದಿದ್ದರೆಂದೇ ಅರ್ಥ. "ದಿನಾ ಒರಸಿ ಇಡ್ತಿದ್ದರಲ್ಲ" ಎಂಬ ಮಾತು ಆಗ ನೆನಪಾಯಿತು.

ಮುಂದಿನ ಭಾನುವಾರ ಕಾರ್ಕಳಕ್ಕೆ ಹೋದೆನು. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ನಲವತ್ತೆರಡು ಅಡಿಯ ಗೊಮ್ಮಟನನ್ನು ಬುಡದಲ್ಲಿ ನಿಂತು ನೋಡಿದವರು ಆತನ ಪಾದವನ್ನೂ ಗಲ್ಲದ ಕೆಳಭಾಗವನ್ನೂ ಕಂಡಾರು. ಮುಖವನ್ನು ಸರಿಯಾಗಿ ಕಾಣಲಾರರು. ಎದುರಿನ ಚಿಕ್ಕ ಗುಡ್ಡದ ಮೇಲೆ 1586ರ ಚತುರ್ಮುಖ ಬಸದಿಯಿದೆ. ಅಲ್ಲಿಂದ ನೋಡಿದರೆ ಗೊಮ್ಮಟನು ಪ್ರಾಕಾರದ ಮೇಲೆ ಎದ್ದು ತೋರುತ್ತಾನೆ. ಬಸದಿಯ ಜಗಲಿಯ ಕಂಬಕ್ಕೆ ಮೈಯಾನಿಸಿ, ಉಸಿರು ಬಿಗಿಹಿಡಿದು, ಸೆಕೆಂಡಿನ ಇನ್ನೂರೈವತ್ತನೆಯ ಒಂದು ಭಾಗದ ವೇಗದಲ್ಲಿ ಚಿತ್ರ ತೆಗೆದೆನು. ಕೈಯಲ್ಲಿ ಹಿಡಿದು ತೆಗೆಯುವಾಗ ವೇಗ ಸಂಗಮದೂರದ ಅಂಕೆಗಿಂತ ಕಡಮೆಯಾಗಬಾರದೆಂಬುದು ಹಳಬರ ಸೂತ್ರ. ನನ್ನ ಕೆಮರಾದ ಸಂವೇದಕ ಫಿಲ್ಮಿಗಿಂತ ಚಿಕ್ಕದಾದುದರಿಂದ 200 ಮಿ.ಮೀ. ಲೆನ್ಸು 300ರಂತೆ ವರ್ತಿಸುತ್ತದೆ. ಕೈ ನಡುಕವೂ ಅಷ್ಟೇ ಹೆಚ್ಚಾಗಿ ಕಾಣುತ್ತದೆ. ಆ ಕಂಬದ ಆಸರೆಯಿಲ್ಲದಿದ್ದರೆ ಚಿತ್ರ ಕೆಡುತ್ತಿತ್ತು. ಮನೆಗೆ ಬಂದು ನೋಡಿದಾಗ ಗೊಮ್ಮಟನ ತುಟಿಯ ಅಂಚು, ಗುಂಗುರು ಕೂದಲಿನ ಸುರುಳಿಗಳು, ಕೆನ್ನೆಯ ಮೇಲೆ ಮಳೆನೀರು ಬರೆದ ಕಪ್ಪು ಗೆರೆಗಳು, ಎಲ್ಲವೂ ಇದ್ದವು. ಅರೆತೆರೆದ ಆ ಕಣ್ಣುಗಳೆದುರು ನನಗೆ ಸ್ವಲ್ಪ ಸಂಕೋಚವಾಯಿತೆಂದರೆ ಓದುಗರು ನಗಬಾರದು. ಎಲ್ಲವನ್ನೂ ಕೊಟ್ಟು ನಿಂತವನ ಚಿತ್ರವನ್ನು ತೆಗೆಯಲು ನಾನು ಒಬ್ಬ ವಿಧವೆಯಿಂದ ಸಾವಿರ ರೂಪಾಯಿ ಚೌಕಾಸಿ ಮಾಡಿದ ಲೆನ್ಸನ್ನು ಒಯ್ದಿದ್ದೆನು.

ಆದರೂ ಮನಸ್ಸು ಪೂರ್ತಿ ಸೋಲಲಿಲ್ಲ. ಅದನ್ನು ಸೋಲಿಸಿದವನು ಮಣಿಪಾಲದ ಒಬ್ಬ ವಿದ್ಯಾರ್ಥಿ. ಕೆಲವು ದಿನಗಳ ಬಳಿಕ ಎಂಡ್ ಪಾಯಿಂಟಿನ ಅಂಚಿನಲ್ಲಿ, ಕೆಳಗೆ ಸ್ವರ್ಣಾ ನದಿ ಕಾಣುವಲ್ಲಿ, ನಾನು ಗರುಡ ಹಕ್ಕಿಯೊಂದಕ್ಕಾಗಿ ಕಾಯುತ್ತಿದ್ದೆನು. ಹಾರುವ ಹಕ್ಕಿಯನ್ನು ಕೈಫೋಕಸಿನಲ್ಲಿ ಬೆನ್ನಟ್ಟಿದರೆ ಸೋಲು ಖಂಡಿತ. ಅದು ಹಾದುಹೋಗುವ ಮರದ ತುದಿಗೆ ಮೊದಲೇ ಫೋಕಸ್ ಮಾಡಿಟ್ಟು, ಅಲ್ಲಿಗೆ ಬಂದ ಕ್ಷಣ ಒತ್ತಬೇಕು. ಹುಡುಗ ಅದನ್ನು ನೋಡುತ್ತ ನಿಂತು, ಮಾತಿಗೆ ತೊಡಗಿದನು. ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಓದಿ ಅವನಿಗೆ ಈ ಹುಚ್ಚು ಹಿಡಿದಿತ್ತು. ತಾನಾಗಿ ಫೋಕಸ್ ಮಾಡುವ ಕೆಮರಾ ಬರುವುದಕ್ಕೆ ಮೊದಲೇ ಬೆಂಗಳೂರಿನ ಇ. ಹನುಮಂತರಾಯರೂ ಟಿ.ಎನ್.ಎ. ಪೆರುಮಾಳರೂ ವನ್ಯಜೀವಿಗಳ ಚಿತ್ರಗಳಿಗೆ ಹೆಸರಾಗಿದ್ದುದನ್ನು ಅವನಿಗೆ ಹೇಳಿದೆನು. ಲೆನ್ಸನ್ನು ಕೈಗೆ ಕೊಟ್ಟೆನು. ಅವನು ಬಳೆಯನ್ನು ತಿರುಗಿಸಿ, "ಎಷ್ಟು ನಯವಾಗಿ ತಿರುಗುತ್ತದೆ ಸಾರ್! ಎಷ್ಟು ಕೊಟ್ಟಿರಿ?" ಎಂದು ಕೇಳಿದನು.

ಸರಳವಾದ ಪ್ರಶ್ನೆ. ಅಗ್ಗಕ್ಕೆ ಕೊಂಡವನು ಹೆಮ್ಮೆಯಿಂದ ಹೇಳಿಕೊಳ್ಳಬೇಕು. ನನ್ನ ಬಾಯಿಯಿಂದ ಆ ಅಂಕೆ ಹೊರಡಲಿಲ್ಲ. "ಹಳೆಯ ಪರಿಚಯದವರು ಕೊಟ್ಟದ್ದು," ಎಂದು ತೇಲಿಸಿ ಮಾತು ಬದಲಿಸಿದೆನು. ಕೊಟ್ಟ ಬೆಲೆಯನ್ನು ಮೂರನೆಯವನೊಬ್ಬನ ಮುಂದೆ ಹೇಳಲಾರದೆ ಹೋದಾಗ ಆ ಬೆಲೆ ಸರಿಯಾದುದಲ್ಲವೆಂದು ಬೇರೆ ಸಾಕ್ಷಿ ಬೇಕೆ?

ಮರುದಿನ ಮೂರು ಸಾವಿರ ರೂಪಾಯಿಯನ್ನೂ ಗೊಮ್ಮಟನ ಚಿತ್ರದ ಒಂದು ಪ್ರತಿಯನ್ನೂ ತೆಗೆದುಕೊಂಡು ಆ ಓಣಿಗೆ ಹೋದೆನು. ಸ್ಟುಡಿಯೋ ಆಗಲೇ ಅರ್ಧ ಬರಿದಾಗಿತ್ತು. ಗೋಡೆಯಲ್ಲಿ ಚಿತ್ರಗಳಿದ್ದ ಜಾಗ ಮಾತ್ರ ಬಿಳಿಯ ಚೌಕಗಳಾಗಿ ಉಳಿದಿತ್ತು.

"ಅಕ್ಕ, ಅವತ್ತು ನಾನು ಇದರ ದೋಷ ಮಾತ್ರ ಹೇಳಿದೆ. ಗುಣ ಹೇಳಲಿಲ್ಲ. ಇದರ ಬೆಲೆ ನೀವು ಹೇಳಿದ್ದಕ್ಕಿಂತ ಹೆಚ್ಚು. ಉಳಿದದ್ದು ತಂದಿದ್ದೇನೆ," ಎಂದೆನು.

ಆಕೆ ಹಣದತ್ತ ನೋಡಲಿಲ್ಲ. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಬೂಷ್ಟು ಅಂದಿರಲ್ಲ?"

"ಅಂಚಿನಲ್ಲಿ ಒಂದು ಎಳೆ ಉಂಟು. ಚಿತ್ರಕ್ಕೆ ಏನೂ ಬಾಧಕವಿಲ್ಲ. ನಮ್ಮ ಊರಿನ ಮಳೆಯಲ್ಲಿ ಇಷ್ಟು ವರ್ಷ ಹೀಗೆ ಉಳಿಯುವುದು ಅಪರೂಪ."

"ಹಾಗಾದರೆ ಇವರು ಸರಿಯಾಗಿಯೇ ಇಟ್ಟಿದ್ದರು."

"ಹೌದು ಅಕ್ಕ. ಸರಿಯಾಗಿಯೇ ಇಟ್ಟಿದ್ದರು."

ಆಕೆ ಹಣವನ್ನು ತೆಗೆದುಕೊಂಡು, ಎಣಿಸದೆ, ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು. ಆಮೇಲೆ ಒಳಗೆ ಹೋಗಿ ಒಂದು ಹಳೆಯ ಬಿಸ್ಕೆಟ್ ಡಬ್ಬವನ್ನು ತಂದರು. ಮುಚ್ಚಳದ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದಿತ್ತು. ಒಳಗೆ ಬಟ್ಟೆಯ ಪುಟ್ಟ ಗಂಟಿನಲ್ಲಿ ನೀಲಿ ಹರಳುಗಳು. "ಇದು ಅದರ ಡಬ್ಬ. ಅವತ್ತು ಕೊಡಲಿಲ್ಲ. ಹಾಳಾದ ವಸ್ತುವಿಗೆ ಎಂತ ಡಬ್ಬ ಅಂತ ಕಂಡಿತು," ಎಂದರು.

ಲೆನ್ಸು ಈಗ ಆ ಡಬ್ಬದಲ್ಲಿಯೇ ಇದೆ. ತೇವ ಹೀರಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ, ಅಡುಗೆಗೆ ಬಳಸದ ಒಂದು ಬಾಣಲೆಯಲ್ಲಿ ಅವನ್ನು ಸಣ್ಣ ಉರಿಯಲ್ಲಿ ಬಿಸಿಮಾಡಿ, ಮತ್ತೆ ನೀಲಿಯಾದ ಮೇಲೆ ಗಂಟು ಕಟ್ಟಿ ಇರಿಸುತ್ತೇನೆ. ಮಳೆಗಾಲದಲ್ಲಿ ಅದು ವಾರಕ್ಕೊಮ್ಮೆಯ ಕೆಲಸ. ಹಳೆಯ ಲೆನ್ಸನ್ನು ಕೊಳ್ಳಲು ಹೋಗುವ ಎಳೆಯರು ನನ್ನನ್ನು ಕೇಳಿದರೆ, ಟಾರ್ಚನ್ನು ತಪ್ಪದೆ ಒಯ್ಯಿರಿ ಎನ್ನುತ್ತೇನೆ. ಆ ಬೆಳಕಿನಲ್ಲಿ ಕಂಡುದೆಲ್ಲವನ್ನೂ ಹೇಳಿರಿ ಎನ್ನುತ್ತೇನೆ. ಮಣಿಪಾಲದ ಆ ಹುಡುಗನು ಮತ್ತೆ ಸಿಕ್ಕಿದಾಗ, ಅವನು ಕೇಳುವ ಮೊದಲೇ, ನಾಲ್ಕೂವರೆ ಸಾವಿರ ಎಂದು ಹೇಳಿದೆನು.